ಹೋಲಿಕೆ ಕಾಡುವುದು ನಿಮಿಷಗಳಿಂದಲೋ, ಫೀಡ್‌ನಿಂದಲೋ?

ಮಸಿಕುಡಿಕೆ

ಸೋಶಿಯಲ್ ಮೀಡಿಯಾ ನೋಡಿ ಮನಸ್ಸು ಕುಗ್ಗುತ್ತದೆ ಅಂದವರಿಗೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಫೋನ್ ಬದಿಗಿಡಿ, ಸಮಯ ಕಡಿಮೆ ಮಾಡಿ. ಆದರೆ ಎರಡು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಿದ ಮೇಲೂ ಹಲವರಿಗೆ ಅದೇ ಕಸಿವಿಸಿ ಉಳಿಯುತ್ತದೆ. ಇಪ್ಪತ್ತು ನಿಮಿಷ ಗೆಳೆಯರ ಜೊತೆ ಮೆಸೇಜ್‌ನಲ್ಲಿ ಹರಟಿದವರಿಗೂ, ಇಪ್ಪತ್ತು ನಿಮಿಷ ಹಳೇ ಸಹಪಾಠಿಗಳ ಬಡ್ತಿ, ಹೊಸ ಮನೆ, ಮದುವೆ ಫೋಟೋ ನೋಡುತ್ತಾ ಬೆರಳು ಸರಿಸಿದವರಿಗೂ ಸ್ಕ್ರೀನ್ ಟೈಮ್ ತೋರಿಸುವ ಅಂಕಿ ಒಂದೇ. ಮನಸ್ಸಿನ ಮೇಲೆ ಆಗುವ ಪರಿಣಾಮ ಒಂದೇ ಆಗಿರಲಾರದು.

ನನ್ನ ವಾದ ಇಷ್ಟು: ನಾವು ಯಾರ ಜೊತೆ ನಮ್ಮನ್ನು ಅಳೆದುಕೊಳ್ಳಬೇಕು ಅನ್ನೋದನ್ನು ಈಗ ಫೀಡ್ (ಆಪ್ ತೆರೆದಾಗ ಒಂದರ ಕೆಳಗೊಂದು ಬರುವ ಪೋಸ್ಟ್‌ಗಳ ಸಾಲು) ತೀರ್ಮಾನಿಸುತ್ತಿದೆ. ಆ ತೀರ್ಮಾನವನ್ನು ವಾಪಸ್ ನಮ್ಮ ಕೈಗೆ ತೆಗೆದುಕೊಳ್ಳದೆ ಬರೀ ಗಡಿಯಾರ ನೋಡುತ್ತಾ ಕೂತರೆ ಅರ್ಧ ಕೆಲಸವೂ ಆಗುವುದಿಲ್ಲ.

ಸಂಶೋಧನೆ ನಿಜಕ್ಕೂ ಏನು ಹೇಳುತ್ತದೆ, ಯಾವ ಸೆಟ್ಟಿಂಗ್ ಬದಲಿಸಿದರೆ ಏನಾಗುತ್ತದೆ, ಯಾವ ಉಪಾಯ ಎಲ್ಲಿ ಕೈಕೊಡುತ್ತದೆ, ಇವನ್ನು ತಿಳಿದವರು ಬರೆಯಿರಿ. ಸ್ವಂತ ಅನುಭವದ ಕಥೆಗಳಿಗೆ ಬೇರೆ ಎಳೆ ಇದೆ, ಇಲ್ಲಿ ವಿಷಯ ಮಾತ್ರ ಇರಲಿ.

ಲೆಕ್ಕಿಗ

ಮೂಲದಿಂದ ಶುರು ಮಾಡೋಣ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಸಾಮಾಜಿಕ ಹೋಲಿಕೆಯ ಸಿದ್ಧಾಂತವನ್ನು ಮಂಡಿಸಿದರು. ಎತ್ತರ, ತೂಕಗಳಿಗೆ ಅಳತೆಗೋಲು ಇದೆ. ‘ನಾನು ಜೀವನದಲ್ಲಿ ಸರಿಯಾಗಿ ಮುಂದುವರಿಯುತ್ತಿದ್ದೇನಾ’ ಅನ್ನುವ ಪ್ರಶ್ನೆಗೆ ಅಂಥದ್ದಿಲ್ಲ. ಅಳತೆಗೋಲು ಇಲ್ಲದ ಕಡೆ ಜನ ಇತರರನ್ನೇ ಅಳತೆಯಾಗಿ ಬಳಸುತ್ತಾರೆ, ಅದರಲ್ಲೂ ತಮ್ಮ ಹಾಗೇ ಇರುವವರನ್ನು. ಈ ಎರಡನೇ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ನಮ್ಮ ಚರ್ಚೆಗೆ ಬೇಕಾಗಿರುವುದು ಅದೇ. ಸಿನಿಮಾ ತಾರೆಯ ಬಂಗಲೆ ನೋಡಿದರೆ ಅಷ್ಟಾಗಿ ಚುಚ್ಚುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತು ಒಂದೇ ಅಂಕ ತೆಗೆದವರ ಬಡ್ತಿ ಚುಚ್ಚುತ್ತದೆ. ಫೀಡ್ ತುಂಬಾ ಇರುವವರು ಈ ಎರಡನೇ ಗುಂಪಿನವರೇ.

ಇನ್ನು ಪ್ರಯೋಗಗಳು. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಪ್ರತಿಯೊಂದನ್ನೂ ದಿನಕ್ಕೆ 10 ನಿಮಿಷಕ್ಕೆ ಇಳಿಸಬೇಕು, ಇನ್ನೊಂದು ಎಂದಿನಂತೆ ಬಳಸಬೇಕು. ಮೂರು ವಾರದ ನಂತರ ಇಳಿಸಿದ ಗುಂಪಿನಲ್ಲಿ ಒಂಟಿತನ, ಖಿನ್ನತೆಯ ಲಕ್ಷಣ ಎರಡೂ ಕಡಿಮೆಯಾಗಿದ್ದವು. ಇದು ಎಲ್ಲ ಕಡೆ ಸುದ್ದಿಯಾಯಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಆತಂಕ ಮತ್ತು ‘ಏನನ್ನೋ ಕಳೆದುಕೊಳ್ಳುತ್ತಿದ್ದೇನೆ’ ಅನ್ನುವ ಭಯ ಎರಡೂ ಗುಂಪಿನಲ್ಲಿ ತಗ್ಗಿದವು. ಏನನ್ನೂ ಇಳಿಸದ ಗುಂಪಿನಲ್ಲೂ! ತಮ್ಮ ಬಳಕೆಯ ಮೇಲೆ ತಾವೇ ಕಣ್ಣಿಟ್ಟಿದ್ದೇ ಇದಕ್ಕೆ ಕಾರಣ ಇರಬಹುದು ಎಂದು ಸಂಶೋಧಕರು ಬರೆದಿದ್ದಾರೆ.

ಪೂರ್ತಿ ಬಿಟ್ಟವರ ಮೇಲೂ ದೊಡ್ಡ ಪ್ರಯೋಗ ನಡೆದಿದೆ. ಅಮೆರಿಕದಲ್ಲಿ 2018ರ ಮಧ್ಯಾವಧಿ ಚುನಾವಣೆಗೆ ಮುಂಚೆ ನಾಲ್ಕು ವಾರ ಫೇಸ್‌ಬುಕ್ ಖಾತೆ ನಿಲ್ಲಿಸಿದವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸಿನ ನೆಮ್ಮದಿ ಸ್ವಲ್ಪ ಏರಿತು. ‘ಸ್ವಲ್ಪ’ ಅನ್ನೋದನ್ನು ಒತ್ತಿ ಹೇಳುತ್ತೇನೆ. ಜೊತೆಗೆ ಸುದ್ದಿಯ ಅರಿವು ಕಡಿಮೆಯಾಯಿತು.

ಕಡೇಬೆಂಚು

2019ರಲ್ಲಿ ಸಂಶೋಧಕರಾದ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ಶಿಬಿಲ್ಸ್ಕಿ ಮೂರು ಲಕ್ಷಕ್ಕೂ ಹೆಚ್ಚು ಹದಿಹರೆಯದವರ ದತ್ತಾಂಶ ನೋಡಿ, ಅವರ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4% ಅಂದರಲ್ಲ? ಹಾಗಿದ್ದ ಮೇಲೆ ಇಷ್ಟೊಂದು ತಲೆಕೆಡಿಸಿಕೊಳ್ಳುವ ಅಗತ್ಯ ಏನು?

ಲೆಕ್ಕಿಗ

ಕಡೇಬೆಂಚು ಅವರೇ, ಆ ಅಂಕಿ ಸರಿ. ಅದು ಏನನ್ನು ಅಳೆದಿದೆ ಅನ್ನೋದನ್ನೂ ನೋಡಿ. ಅದು ಒಟ್ಟು ಡಿಜಿಟಲ್ ಬಳಕೆ, ಮತ್ತು ಇಡೀ ಗುಂಪಿನ ಸರಾಸರಿ. ಅಮ್ಮನಿಗೆ ವೀಡಿಯೋ ಕಾಲ್ ಮಾಡಿದ್ದೂ, ಪಾಠ ನೋಡಿದ್ದೂ, ಪರರ ಪ್ರೊಫೈಲ್ ಜಾಲಾಡಿದ್ದೂ ಒಂದೇ ರಾಶಿಗೆ ಬಿದ್ದಿದೆ. ಒಬ್ಬರಿಗೆ ಒಳ್ಳೆಯದಾಗಿ ಇನ್ನೊಬ್ಬರಿಗೆ ಕೆಟ್ಟದ್ದಾದರೆ ಸರಾಸರಿ ಸೊನ್ನೆಯ ಹತ್ತಿರ ಬರುತ್ತದೆ. ‘ಎಲ್ಲ ಹಾಳಾಯಿತು’ ಅನ್ನುವ ಕೂಗಿಗೆ ಆ ಅಧ್ಯಯನ ಒಳ್ಳೆಯ ಉತ್ತರ. ‘ಹೋಲಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲ’ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ.

ಬಳಕೆಯನ್ನು ಬಿಡಿಸಿ ನೋಡಿದ ಕೆಲಸವೂ ಇದೆ. 2015ರಲ್ಲಿ ಫಿಲಿಪ್ ವರ್ಡೈನ್ ಮತ್ತು ಸಂಗಡಿಗರು ಒಂದು ಗುಂಪಿಗೆ ಹತ್ತು ನಿಮಿಷ ಫೇಸ್‌ಬುಕ್ ಸುಮ್ಮನೆ ನೋಡಲು ಹೇಳಿದರು, ಇನ್ನೊಂದಕ್ಕೆ ಬರೆಯಲು, ಪ್ರತಿಕ್ರಿಯಿಸಲು ಹೇಳಿದರು. ಸುಮ್ಮನೆ ನೋಡಿದವರ ಮನಸ್ಥಿತಿ ದಿನದ ಕೊನೆಗೆ ಇಳಿದಿತ್ತು. ನಿತ್ಯಜೀವನದಲ್ಲಿ ಮತ್ತೊಂದು ಗುಂಪನ್ನು ಗಮನಿಸಿದಾಗ ನಡುವಿನ ಕೊಂಡಿ ಅಸೂಯೆ ಎಂದು ಕಂಡುಬಂತು. ‘ನೋಡುವುದು ಕೆಟ್ಟದ್ದು, ಬರೆಯುವುದು ಒಳ್ಳೆಯದು’ ಅನ್ನುವ ವಿಭಜನೆ ತೀರಾ ಸರಳ ಎಂಬ ಟೀಕೆ ನಂತರ ಬಂದಿದೆ, ಅದನ್ನು ಒಪ್ಪುತ್ತೇನೆ. ಅಡುಗೆ ವೀಡಿಯೋ ಸುಮ್ಮನೆ ನೋಡಿದರೆ ಏನೂ ಆಗುವುದಿಲ್ಲ. ಏನನ್ನು ನೋಡುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಚುಕ್ಕಿಗೆರೆ

ಲೆಕ್ಕದ ಎರಡು ಮಾತು ಸೇರಿಸುತ್ತೇನೆ. ಇವು ಅರ್ಥವಾದರೆ ‘ಎಲ್ಲರೂ ಮುಂದೆ ಹೋದರು, ನಾನೊಬ್ಬನೇ ಉಳಿದೆ’ ಅನ್ನುವ ಭಾವನೆಗೆ ಆಧಾರ ಎಷ್ಟು ತೆಳು ಅಂತ ಗೊತ್ತಾಗುತ್ತದೆ.

ಮೊದಲನೆಯದು, ಒಟ್ಟಾಗಿ ನೋಡುವ ಭ್ರಮೆ. ನಿಮ್ಮ ಪಟ್ಟಿಯಲ್ಲಿ 300 ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಪ್ರತಿಯೊಬ್ಬರೂ ವರ್ಷಕ್ಕೆ ಒಂದೇ ಒಂದು ವಾರ ಪ್ರವಾಸ ಹೋಗುತ್ತಾರೆ, ಉಳಿದ 51 ವಾರ ನಿಮ್ಮ ಹಾಗೇ ಕೆಲಸ, ಮನೆ. 300 × 7 ÷ 365 ಮಾಡಿದರೆ 5.75. ಅಂದರೆ ವರ್ಷದ ಯಾವ ದಿನ ಆಪ್ ತೆರೆದರೂ ಸರಾಸರಿ ಆರು ಜನ ಪ್ರವಾಸದಲ್ಲಿರುತ್ತಾರೆ. ಅವರೇ ಫೋಟೋ ಹಾಕುತ್ತಾರೆ, ಮನೆಯಲ್ಲಿರುವ 294 ಜನ ಏನೂ ಹಾಕುವುದಿಲ್ಲ. ನಿಮಗೂ ವರ್ಷಕ್ಕೆ ಒಂದು ವಾರದ ಪ್ರವಾಸ ಇದ್ದೇ ಇದೆ, ಆದರೂ ಫೀಡ್ ನೋಡಿದರೆ ಜಗತ್ತೇ ರಜೆಯಲ್ಲಿದೆ ಅನಿಸುತ್ತದೆ. ಬಡ್ತಿ, ಮದುವೆ, ಮಗು, ಮನೆ, ಎಲ್ಲಕ್ಕೂ ಇದೇ ಲೆಕ್ಕ. ಪಟ್ಟಿ 300ರಿಂದ 1,200ಕ್ಕೆ ಬೆಳೆದರೆ ದಿನವೂ 23 ಜನ ಪ್ರವಾಸದಲ್ಲಿ. ಯಾರ ಬದುಕೂ ಸುಧಾರಿಸಿಲ್ಲ, ಪಟ್ಟಿ ಮಾತ್ರ ಉದ್ದ ಆಗಿದೆ.

ಎರಡನೆಯದನ್ನು 1991ರಲ್ಲಿ ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ ತೋರಿಸಿದರು: ಸರಾಸರಿ ತೆಗೆದರೆ ನಮ್ಮ ಗೆಳೆಯರಿಗೆ ನಮಗಿಂತ ಹೆಚ್ಚು ಗೆಳೆಯರಿರುತ್ತಾರೆ. ಐದು ಜನರನ್ನು ಕಾಗದದ ಮೇಲೆ ಬರೆಯಿರಿ: ಅ, ಬ, ಕ, ಡ, ಇ. ಅ ಎಲ್ಲರಿಗೂ ಗೆಳೆಯ. ಬ ಮತ್ತು ಕ ಪರಸ್ಪರ ಗೆಳೆಯರು. ಬೇರೆ ಗೆಳೆತನ ಇಲ್ಲ. ಅ‌ಗೆ 4 ಗೆಳೆಯರು, ಬ‌ಗೆ 2, ಕ‌ಗೆ 2, ಡ‌ಗೆ 1, ಇ‌ಗೆ 1. ಈಗ ಒಬ್ಬೊಬ್ಬರ ಕಣ್ಣಿನಿಂದ ನೋಡಿ. ಬ ಮತ್ತು ಕ ಅವರ ಗೆಳೆಯರ ಸರಾಸರಿ 3, ಡ ಮತ್ತು ಇ ಅವರದು 4. ಐವರಲ್ಲಿ ನಾಲ್ವರಿಗೆ ‘ನನ್ನ ಗೆಳೆಯರು ನನಗಿಂತ ಜನಪ್ರಿಯರು’ ಅನಿಸುವುದು ಲೆಕ್ಕದ ಪ್ರಕಾರವೇ ಸರಿ. ಹೆಚ್ಚು ಸಂಪರ್ಕ ಇರುವವರು ಹೆಚ್ಚು ಜನರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಕಾರಣ. ಇದರಲ್ಲಿ ಯಾರ ಕೊರತೆಯೂ ಇಲ್ಲ.

ದೀವಟಿಗೆ

ಚುಕ್ಕಿಗೆರೆ ಅವರ ಲೆಕ್ಕ ಚೆನ್ನಾಗಿದೆ, ಆದರೆ ರಾತ್ರಿ ಹನ್ನೊಂದಕ್ಕೆ ಮನಸ್ಸು ಕುದಿಯುತ್ತಿರುವಾಗ ಭಾಗಾಕಾರ ನೆನಪಾಗುವುದಿಲ್ಲ. ಅದಕ್ಕೆ ಮುಂಚಿತವಾಗಿ ಮಾಡಬೇಕಾದ ಒಂದು ಕೆಲಸ ಇದೆ: ಯಾವ ಹೋಲಿಕೆ ಕಚ್ಚುತ್ತಿದೆ ಅಂತ ಪತ್ತೆ ಹಚ್ಚುವುದು. ಹೆಚ್ಚಿನವರು ‘ಸೋಶಿಯಲ್ ಮೀಡಿಯಾ’ ಅಂತ ಸಾರಾಸಗಟಾಗಿ ದೂರುತ್ತಾರೆ. ಬರೆದಿಟ್ಟು ನೋಡಿದರೆ ಸಾಮಾನ್ಯವಾಗಿ ಬೆರಳೆಣಿಕೆಯ ಖಾತೆಗಳು, ಒಂದೆರಡು ವಿಷಯಗಳು.

ಒಂದು ವಾರ ಸಾಕು. ಚಿಕ್ಕ ನೋಟ್‌ಬುಕ್ ತೆಗೆದುಕೊಳ್ಳಿ, ಪುಟಕ್ಕೆ ಐದು ಕಂಬ ಗೆರೆ ಎಳೆಯಿರಿ: ಹೊತ್ತು, ಯಾರ ಪೋಸ್ಟ್, ಯಾವ ವಿಷಯದಲ್ಲಿ ಹೋಲಿಕೆ, ಆಪ್ ತೆರೆಯುವ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟು, ಮುಚ್ಚಿದ ಮೇಲೆ ಎಷ್ಟು. ಒಂದು ಸಾಲು ಹೀಗಿರುತ್ತದೆ: ‘ರಾತ್ರಿ 10:40, ಕಾಲೇಜಿನ ಗೆಳತಿ, ಹೊಸ ಮನೆಯ ಗೃಹಪ್ರವೇಶ, 6, 3.’ ಅಷ್ಟೇ. ವಿವರಣೆ ಬೇಡ, ‘ನಾನ್ಯಾಕೆ ಹೀಗೆ’ ಅನ್ನುವ ವಿಮರ್ಶೆಯಂತೂ ಬೇಡವೇ ಬೇಡ.

ಇದು ಕೆಡುವುದು ಎಲ್ಲಿ ಅಂದರೆ, ಒಂದು, ಮುಂಚಿನ ಅಂಕಿಯನ್ನು ನೋಡಿ ಮುಗಿದ ಮೇಲೆ ಬರೆಯುವುದು. ಆಗ ನೆನಪು ಈಗಿನ ಮನಸ್ಥಿತಿಗೆ ತಕ್ಕಂತೆ ಬಾಗುತ್ತದೆ. ಆಪ್ ತೆರೆಯುವ ಮುಂಚೆಯೇ ಅಂಕಿ ಹಾಕಬೇಕು. ಎರಡು, ಫೋನಿನ ನೋಟ್ಸ್ ಆಪ್‌ನಲ್ಲಿ ಬರೆಯುವುದು. ಬರೆಯಲು ಹೋಗಿ ನೋಟಿಫಿಕೇಶನ್ ಕಂಡು ಮತ್ತೆ ಫೀಡಿಗೆ ಹೋಗುವ ಸಾಧ್ಯತೆ ಹೆಚ್ಚು, ಕಾಗದವೇ ಸರಿ. ಮೂರು, ಕೆಟ್ಟದ್ದನ್ನು ಮಾತ್ರ ಬರೆಯುವುದು. ಖುಷಿ ಕೊಟ್ಟ ಪೋಸ್ಟ್‌ಗೂ ಸಾಲು ಹಾಕಿ, ಯಾವುದನ್ನು ಉಳಿಸಿಕೊಳ್ಳಬೇಕು ಅಂತ ತಿಳಿಯುವುದು ಅದರಿಂದಲೇ.

ವಾರ ಮುಗಿದ ಮೇಲೆ ಎರಡು ಅಂಕಿಗಳ ನಡುವೆ ಎರಡಕ್ಕಿಂತ ಹೆಚ್ಚು ಇಳಿದ ಸಾಲುಗಳಿಗೆ ಗುರುತು ಹಾಕಿ. ಎರಡು ಅನ್ನುವ ಗಡಿಗೆ ವೈಜ್ಞಾನಿಕ ಆಧಾರ ಏನೂ ಇಲ್ಲ, ಒಂದು ಅಂಕಿಯ ಏರಿಳಿತ ಎಲ್ಲರಿಗೂ ಇರುತ್ತದೆ ಅನ್ನುವುದಕ್ಕೆ ಇಟ್ಟಿದ್ದು. ಗುರುತು ಬಿದ್ದ ಸಾಲುಗಳಲ್ಲಿ ಒಂದೇ ಹೆಸರು ಮರುಕಳಿಸಿದರೆ ತೊಂದರೆ ಆ ಖಾತೆಯದ್ದು. ಒಂದೇ ವಿಷಯ ಬೇರೆ ಬೇರೆ ಹೆಸರಿನ ಮುಂದೆ ಬಂದರೆ ಅದು ನಿಮ್ಮ ಬದುಕಿನಲ್ಲಿ ಬಗೆಹರಿಯದ ಪ್ರಶ್ನೆ, ಯಾರನ್ನು ಮ್ಯೂಟ್ ಮಾಡಿದರೂ (ಅವರ ಪೋಸ್ಟ್ ಕಾಣದಂತೆ ಮಾಡಿದರೂ) ಹೋಗುವುದಿಲ್ಲ. ಒಂದೇ ಹೊತ್ತು ಮರುಕಳಿಸಿದರೆ ಅದು ದಣಿವು ಅಥವಾ ನಿದ್ದೆಗೆ ಸಂಬಂಧಪಟ್ಟದ್ದು, ಆ ಹೊತ್ತಿಗೆ ಫೋನ್ ಇನ್ನೊಂದು ಕೋಣೆಯಲ್ಲಿದ್ದರೆ ಸಾಕು.

ಮಸಿಕುಡಿಕೆ

ದೀವಟಿಗೆ ಅವರೇ, ತುಂಬಾ ಉಪಯುಕ್ತ. ಖಾತೆ, ವಿಷಯ, ಹೊತ್ತು ಅಂತ ಬೇರ್ಪಡಿಸಿದ್ದು ಇಡೀ ಚರ್ಚೆಗೆ ದಾರಿ ಮಾಡಿಕೊಟ್ಟಿತು. ಈಗ ಖಾತೆಗಳ ವಿಷಯಕ್ಕೆ ಸೆಟ್ಟಿಂಗ್ ಗೊತ್ತಿರುವವರು ಹೇಳಿ.

ಕೀಲಿಮಣೆ

ಆಪ್‌ಗಳು ಮೆನು ಹೆಸರನ್ನು ಆಗಾಗ ಬದಲಿಸುತ್ತವೆ, ಜಾಗ ಆಚೀಚೆ ಆಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಹಾಕಿ.

ಇನ್‌ಸ್ಟಾಗ್ರಾಂ: ಆ ವ್ಯಕ್ತಿಯ ಪ್ರೊಫೈಲ್‌ಗೆ ಹೋಗಿ ‘ಫಾಲೋಯಿಂಗ್’ ಒತ್ತಿ, ‘ಮ್ಯೂಟ್’ ಆರಿಸಿ. ಪೋಸ್ಟ್ ಮತ್ತು ಸ್ಟೋರಿಗೆ ಬೇರೆ ಬೇರೆ ಗುಂಡಿ ಇದೆ. ಬಹಳ ಜನ ಪೋಸ್ಟ್ ಮಾತ್ರ ಮ್ಯೂಟ್ ಮಾಡಿ, ಸ್ಟೋರಿ ಹಾಗೇ ಬಂದು ‘ಇದು ಕೆಲಸ ಮಾಡುತ್ತಿಲ್ಲ’ ಅನ್ನುತ್ತಾರೆ. ಎರಡನ್ನೂ ಒತ್ತಿ. ಅವರಿಗೆ ಸೂಚನೆ ಹೋಗುವುದಿಲ್ಲ.

ಮ್ಯೂಟ್ ಮಾಡಿದ ಜಾಗ ಖಾಲಿ ಇರುವುದಿಲ್ಲ, ಆಪ್ ಅಲ್ಲಿ ‘ಸಜೆಸ್ಟೆಡ್’, ಅಂದರೆ ನೀವು ಫಾಲೋ ಮಾಡದವರ ಪೋಸ್ಟ್ ತುಂಬುತ್ತದೆ. ಮ್ಯೂಟ್‌ನ ಲಾಭವನ್ನೆಲ್ಲ ತಿಂದುಹಾಕುವುದು ಇದೇ. ಪರಿಚಯದ ಹತ್ತು ಜನರ ಬದಲು ಅಪರಿಚಿತ ನೂರು ಜನರ ತಿದ್ದಿದ ಮುಖ, ಮೈಕಟ್ಟು ಬರತೊಡಗುತ್ತದೆ. ಕಂಟೆಂಟ್ ಪ್ರಿಫರೆನ್ಸಸ್‌ನಲ್ಲಿ ಸಜೆಸ್ಟೆಡ್ ಪೋಸ್ಟ್‌ಗಳನ್ನು 30 ದಿನ ತಡೆಹಿಡಿಯುವ ಆಯ್ಕೆ ಇದೆ. 30 ದಿನ ಕಳೆದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಇನ್ನೂ ಉತ್ತಮ ದಾರಿ 2022ರಲ್ಲಿ ಬಂದ ‘ಫೇವರಿಟ್ಸ್’ ಫೀಡ್: ನಿಜವಾಗಿ ಸುದ್ದಿ ತಿಳಿಯಬೇಕು ಅನಿಸುವವರನ್ನು ಗರಿಷ್ಠ 50ರವರೆಗೆ ಸೇರಿಸಬಹುದು. ತೊಂದರೆ ಏನೆಂದರೆ ಆಪ್ ಪ್ರತಿ ಸಲ ಮಾಮೂಲಿ ಫೀಡ್‌ನಲ್ಲೇ ತೆರೆಯುತ್ತದೆ, ನೀವೇ ಬದಲಿಸಬೇಕು. ಫೇವರಿಟ್ಸ್‌ಗೆ 20ಕ್ಕಿಂತ ಹೆಚ್ಚು ಹೆಸರು ಬೇಡ ಅನ್ನುವುದು ನನ್ನ ಅಭಿಪ್ರಾಯ, ಆಗ ಕೆಲವೇ ನಿಮಿಷದಲ್ಲಿ ಪೋಸ್ಟ್‌ಗಳು ಮುಗಿದು ಫೋನ್ ಕೆಳಗಿಡಲು ಒಂದು ಕಾರಣ ಸಿಗುತ್ತದೆ. ಮಾಮೂಲಿ ಫೀಡಿಗೆ ಕೊನೆ ಅನ್ನೋದೇ ಇಲ್ಲ.

ಫೇಸ್‌ಬುಕ್: ಪೋಸ್ಟ್ ಮೇಲಿನ ಮೂರು ಚುಕ್ಕಿ ಒತ್ತಿದರೆ ‘30 ದಿನ ಸ್ನೂಜ್’ ಮತ್ತು ‘ಅನ್‌ಫಾಲೋ’ ಸಿಗುತ್ತವೆ. ಅನ್‌ಫಾಲೋ ಮಾಡಿದರೂ ಫ್ರೆಂಡ್ ಆಗಿಯೇ ಉಳಿಯುತ್ತೀರಿ. ಲಿಂಕ್ಡ್‌ಇನ್‌ನಲ್ಲೂ ಸಂಪರ್ಕ ಕಡಿಯದೆ ಅನ್‌ಫಾಲೋ ಮಾಡಬಹುದು.

ವಾಟ್ಸಾಪ್ ಸ್ಟೇಟಸ್: ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದು ಮ್ಯೂಟ್. ಮೆಸೇಜಿಗೆ ಏನೂ ಅಡ್ಡಿಯಿಲ್ಲ.

ಯೂಟ್ಯೂಬ್: ವಾಚ್ ಹಿಸ್ಟರಿ ಆಫ್ ಮಾಡಿ, ಇರುವ ಹಿಸ್ಟರಿ ಅಳಿಸಿದರೆ ಮುಖಪುಟದಲ್ಲಿ ಶಿಫಾರಸು ಬರುವುದು ನಿಲ್ಲುತ್ತದೆ. ಬೇಕಾದ್ದನ್ನು ಹುಡುಕಿಯೇ ನೋಡಬೇಕು, ಅದೇ ಲಾಭ.

ಇನ್ನು ಟೈಮರ್. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಒಳಗೆ ಆಪ್ ಲಿಮಿಟ್ಸ್ ಇದೆ. ಪಾಸ್‌ಕೋಡ್ ಇಡದಿದ್ದರೆ ಮಿತಿ ಮುಗಿದಾಗ ‘ಇಗ್ನೋರ್ ಲಿಮಿಟ್’ ಬರುತ್ತದೆ, ಎರಡೇ ದಿನದಲ್ಲಿ ಬೆರಳು ಅದನ್ನು ಓದದೆಯೇ ಒತ್ತಲು ಕಲಿಯುತ್ತದೆ. ಪಾಸ್‌ಕೋಡನ್ನು ಮನೆಯವರ ಕೈಯಿಂದ ಹಾಕಿಸಿ, ‘ಬ್ಲಾಕ್ ಅಟ್ ಎಂಡ್ ಆಫ್ ಲಿಮಿಟ್’ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಟೈಮರ್ ನಡುರಾತ್ರಿ ಹೊಸದಾಗಿ ಶುರುವಾಗುತ್ತದೆ. ರಾತ್ರಿ ಎಚ್ಚರ ಇರುವವರಿಗೆ 12 ಗಂಟೆಗೆ ಹೊಸ ಕೋಟಾ ಸಿಕ್ಕ ಹಾಗೆ. ಇದನ್ನು ತಡೆಯಲು ಟೈಮರ್ ಜೊತೆ ಬೆಡ್‌ಟೈಮ್ ಮೋಡ್ ಇಡಿ, ಅದು ಪರದೆಯನ್ನು ಕಪ್ಪುಬಿಳುಪು ಮಾಡುತ್ತದೆ. ಆಪ್ ತೆಗೆದುಹಾಕಿ ಬ್ರೌಸರ್‌ನಲ್ಲಿ ನೋಡುವವರು ಪ್ರತಿ ಸಲ ಲಾಗ್ ಔಟ್ ಆಗಿ, ಪಾಸ್‌ವರ್ಡ್ ಸೇವ್ ಮಾಡಬೇಡಿ. ಟೈಪ್ ಮಾಡುವ ಆ ಹತ್ತು ಸೆಕೆಂಡಿನಲ್ಲಿ ‘ಈಗ ಯಾಕೆ ತೆರೆಯುತ್ತಿದ್ದೇನೆ’ ಅಂತ ಕೇಳಿಕೊಳ್ಳಲು ಅವಕಾಶ ಸಿಗುತ್ತದೆ.

ಹೊಳೆದಂಡೆ

ಸ್ವಂತ ಅಕ್ಕನ ಅಥವಾ ಹತ್ತಿರದ ಗೆಳತಿಯ ಪೋಸ್ಟನ್ನೇ ಮ್ಯೂಟ್ ಮಾಡುವುದು ಸಂಬಂಧಕ್ಕೆ ದ್ರೋಹ ಅನಿಸುವವರಿಗೆ ಏನು ಹೇಳುತ್ತೀರಿ? ‘ನನ್ನ ಫೋಟೋ ನೋಡಲಿಲ್ವಾ’ ಅಂತ ಕೇಳುತ್ತಾರೆ.

ದೀವಟಿಗೆ

ಹೊಳೆದಂಡೆ ಅವರೇ, ಮ್ಯೂಟ್ ಮಾಡಿದ ಮೇಲೆ ಸುಮ್ಮನಿದ್ದುಬಿಟ್ಟರೆ ಸಂಬಂಧ ನಿಜಕ್ಕೂ ಸೊರಗುತ್ತದೆ. ಆ ಜಾಗಕ್ಕೆ ನೇರ ಮಾತು ಬರಬೇಕು. ವಾರಕ್ಕೊಮ್ಮೆ ಒಂದು ಕರೆ, ಹತ್ತು ನಿಮಿಷ ಇದ್ದರೂ ಸಾಕು. ಕರೆಯಲ್ಲಿ ಅಕ್ಕ ಹೊಸ ಮನೆಯ ಜೊತೆ ಸಾಲದ ಕಂತು, ಸೋರುವ ಛಾವಣಿ, ಮಗುವಿನ ಜ್ವರ ಎಲ್ಲವನ್ನೂ ಹೇಳುತ್ತಾಳೆ. ಫೋಟೋದಲ್ಲಿ ಬರೀ ಮನೆ ಇರುತ್ತದೆ. 2011ರಲ್ಲಿ ಅಲೆಕ್ಸಾಂಡರ್ ಜೋರ್ಡನ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಜನ ಇತರರ ದುಃಖವನ್ನು ನಿಜ ಇರುವುದಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ, ಯಾಕೆಂದರೆ ದುಃಖ ಹೆಚ್ಚಾಗಿ ಒಬ್ಬರೇ ಇದ್ದಾಗ ಆಗುತ್ತದೆ, ನಾಲ್ಕು ಜನರ ಮುಂದೆ ಮುಚ್ಚಿಡಲಾಗುತ್ತದೆ.

‘ನೋಡಲಿಲ್ವಾ’ ಅಂದರೆ ‘ಈಚೆಗೆ ಅದರಲ್ಲಿ ಹೆಚ್ಚು ಇರಲ್ಲ, ನೀನೇ ಹೇಳು’ ಅನ್ನಿ. ಸುಳ್ಳೂ ಅಲ್ಲ, ಮಾತೂ ಬೆಳೆಯುತ್ತದೆ.

ನಡುಹಗಲು

ಇಷ್ಟೆಲ್ಲ ಸೆಟ್ಟಿಂಗ್ ಯಾಕೆ? ಹಿರಿಯರು ಹೇಳುವ ಹಾಗೆ ನಮಗಿಂತ ಕಷ್ಟದಲ್ಲಿರುವವರನ್ನು ನೋಡಿದರೆ ಸಮಾಧಾನ ಬರುವುದಿಲ್ಲವೇ?

ಲೆಕ್ಕಿಗ

ಬರುತ್ತದೆ, ನಡುಹಗಲು ಅವರೇ. ಥಾಮಸ್ ವಿಲ್ಸ್ 1981ರಲ್ಲಿ ಇದರ ಬಗ್ಗೆಯೇ ಬರೆದರು: ಪೆಟ್ಟು ತಿಂದ ಮನಸ್ಸು ಕೆಳಗಿನವರನ್ನು ನೋಡಿ ಚೇತರಿಸಿಕೊಳ್ಳಲು ಯತ್ನಿಸುತ್ತದೆ. ಆದರೆ ಅಳೆಯುವ ಅಭ್ಯಾಸ ಅಲ್ಲಿ ಬಿಡುವುದಿಲ್ಲ. ಕೆಳಗೆ ನೋಡಿದ ಕಣ್ಣೇ ಮುಂದಿನ ಪೋಸ್ಟಿಗೆ ಮೇಲೆ ನೋಡುತ್ತದೆ. ಜೊತೆಗೆ, ಇನ್ನೊಬ್ಬರ ನೋವು ನಮ್ಮ ನೆಮ್ಮದಿಗೆ ಬೇಕಾಗುವ ಸ್ಥಿತಿ ಒಳ್ಳೆಯದಲ್ಲ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಯಾರನ್ನು ಪಕ್ಕದಲ್ಲಿಟ್ಟು ನೋಡುತ್ತೇವೆ ಅನ್ನೋದು ಎಷ್ಟು ಬಲವಾದದ್ದು ಅನ್ನುವುದಕ್ಕೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ದೃಶ್ಯಗಳ ಅಧ್ಯಯನ ಇದೆ, ಪ್ರಕಟವಾದದ್ದು 1995ರಲ್ಲಿ. ಕಂಚು ಗೆದ್ದವರು ಬೆಳ್ಳಿ ಗೆದ್ದವರಿಗಿಂತ ಹೆಚ್ಚು ಖುಷಿಯಾಗಿ ಕಂಡರು. ಬೆಳ್ಳಿಯವರ ಮನಸ್ಸು ತಪ್ಪಿಹೋದ ಚಿನ್ನದ ಮೇಲೆ, ಕಂಚಿನವರದು ಪದಕವೇ ಇಲ್ಲದೆ ಹೋಗಬಹುದಿತ್ತು ಅನ್ನುವುದರ ಮೇಲೆ.

ಮೇಲೆ, ಕೆಳಗೆ ಬಿಟ್ಟು ಇನ್ನೊಂದು ದಿಕ್ಕು ಇದೆ, ಹಿಂದೆ. ನಿನ್ನೆಯ ನಮ್ಮ ಜೊತೆ ಇಂದಿನ ನಮ್ಮನ್ನು ಅಳೆಯುವುದನ್ನು ಸ್ಟುವರ್ಟ್ ಆಲ್ಬರ್ಟ್ 1977ರಲ್ಲಿ ಸಿದ್ಧಾಂತವಾಗಿ ಬೆಳೆಸಿದರು. ತಿಂಗಳ ಕೊನೆಗೆ ಮೂರು ಸಾಲು ಬರೆದಿಡುವುದು ಇದರ ಸುಲಭ ರೂಪ: ಈ ತಿಂಗಳು ಕಲಿತದ್ದು, ಮುಗಿಸಿದ್ದು, ಹೋದ ವರ್ಷ ಇದೇ ತಿಂಗಳು ಆಗದೆ ಈಗ ಆಗುತ್ತಿರುವುದು.

ಚುಕ್ಕಿಗೆರೆ

ಇದಕ್ಕೊಂದು ಎಚ್ಚರಿಕೆ. ಹಿಂದಿನದನ್ನು ನೋಡಲು ಆಪ್‌ನ ‘ಮೆಮೊರೀಸ್’ ಬಳಸಬೇಡಿ. ಅಲ್ಲಿ ಬರುವುದು ನಿಮ್ಮದೇ ಒಳ್ಳೆಯ ದಿನಗಳ ಆಯ್ದ ಚಿತ್ರ. ಐದು ವರ್ಷದ ಹಿಂದಿನ ನಗುವ ಮುಖದ ಪಕ್ಕ ಇಂದಿನ ಮಂಗಳವಾರ ಇಟ್ಟರೆ ಸೋಲುವುದು ಇಂದಿನದೇ. ಕಾಯಿಲೆಯಿಂದ, ಅಗಲಿಕೆಯಿಂದ ಚೇತರಿಸಿಕೊಳ್ಳುತ್ತಿರುವವರಿಗಂತೂ ಇದು ಬಹಳ ನೋವು ಕೊಡುತ್ತದೆ. ಫೇಸ್‌ಬುಕ್‌ನ ಮೆಮೊರೀಸ್ ಸೆಟ್ಟಿಂಗ್ಸ್‌ನಲ್ಲಿ ನಿರ್ದಿಷ್ಟ ವ್ಯಕ್ತಿ, ನಿರ್ದಿಷ್ಟ ದಿನಾಂಕಗಳನ್ನು ಮರೆಮಾಡಬಹುದು. ಅಂಥವರು ಹೋಲಿಸುವುದಾದರೆ ಹೋದ ವಾರದ ಜೊತೆ ಹೋಲಿಸಿಕೊಳ್ಳಲಿ, ಐದು ವರ್ಷದ ಹಿಂದಿನದರ ಜೊತೆ ಬೇಡ.

ಕಡೇಬೆಂಚು

ಲೈಕ್ ಎಣಿಕೆ ಮುಚ್ಚಿದರೆ ಪ್ರಯೋಜನ ಇದೆಯೇ? ಮತ್ತೆ, ತಿದ್ದಿದ ಚಿತ್ರಕ್ಕೆ ‘ತಿದ್ದಲಾಗಿದೆ’ ಅಂತ ಚೀಟಿ ಅಂಟಿಸಿದರೆ?

ಕೀಲಿಮಣೆ

ಇನ್‌ಸ್ಟಾಗ್ರಾಂ 2019ರಲ್ಲಿ ಕೆಲವು ದೇಶಗಳಲ್ಲಿ ಎಣಿಕೆ ಮುಚ್ಚಿ ನೋಡಿತು. ಕೆಲವರಿಗೆ ಹಗುರ ಅನಿಸಿತು, ಕೆಲವರಿಗೆ ಕಿರಿಕಿರಿ ಆಯಿತು. 2021ರಲ್ಲಿ ಅದನ್ನು ಎಲ್ಲರಿಗೂ ಐಚ್ಛಿಕ ಮಾಡಿದರು. ಸೆಟ್ಟಿಂಗ್ಸ್‌ನಲ್ಲಿ ಇತರರ ಎಣಿಕೆ ಮರೆಮಾಡಬಹುದು, ನಿಮ್ಮ ಪೋಸ್ಟಿಗೆ ಪ್ರತ್ಯೇಕ ಆಯ್ಕೆ ಇದೆ. ಆದರೆ ನಿಮ್ಮ ಎಣಿಕೆ ನಿಮಗೆ ಕಾಣುತ್ತಲೇ ಇರುತ್ತದೆ. ಆದ್ದರಿಂದ ಪೋಸ್ಟ್ ಹಾಕುವವರಿಗೆ ಹೆಚ್ಚು ಸಹಾಯ ಆಗುವುದು ಲೈಕ್ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ ಕಾಮೆಂಟ್ ಮಾತ್ರ ಉಳಿಸುವುದು, ಪೋಸ್ಟ್ ಹಾಕಿದ ತಕ್ಷಣ ಆಪ್ ಮುಚ್ಚಿ ಮರುದಿನ ಒಮ್ಮೆ ಉತ್ತರಿಸುವುದು.

ಚೀಟಿಯ ವಿಷಯ: ನಾರ್ವೆಯಲ್ಲಿ ಜಾಹೀರಾತಿನ ತಿದ್ದಿದ ದೇಹದ ಚಿತ್ರಗಳಿಗೆ ಗುರುತು ಹಾಕಬೇಕೆಂಬ ಕಾನೂನು 2022ರ ಜುಲೈಯಲ್ಲಿ ಜಾರಿಗೆ ಬಂತು. ಪ್ರಾಮಾಣಿಕತೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ಇಂಥ ಗುರುತುಗಳನ್ನು ಪರೀಕ್ಷಿಸಿದ ಹೆಚ್ಚಿನ ಪ್ರಯೋಗಗಳಲ್ಲಿ ನೋಡುಗರಿಗೆ ತಮ್ಮ ಮೈ ಬಗ್ಗೆ ಇರುವ ಅತೃಪ್ತಿ ಅದರಿಂದ ಕಡಿಮೆಯಾಗಲಿಲ್ಲ. ಸುಳ್ಳು ಅಂತ ಗೊತ್ತಿದ್ದರೂ ಕಣ್ಣು ಹೋಲಿಸುತ್ತದೆ. ಚಿತ್ರ ಕಣ್ಣಿಗೆ ಬೀಳದಂತೆ ಮಾಡುವುದೇ ಹೆಚ್ಚು ಫಲ ಕೊಡುತ್ತದೆ.

ಹೊಳೆದಂಡೆ

ಮಕ್ಕಳ ವಿಷಯದಲ್ಲಿ?

ದೀವಟಿಗೆ

ಅಲ್ಲಿ ಹೆಚ್ಚು ಜಾಗ್ರತೆ ಬೇಕು. ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬರಿಗೆ ದೇಹದ ಬಗೆಗಿನ ಕೀಳರಿಮೆಯನ್ನು ಇನ್‌ಸ್ಟಾಗ್ರಾಂ ಇನ್ನಷ್ಟು ಹದಗೆಡಿಸುತ್ತದೆ ಎಂದು ಆ ಕಂಪನಿಯದೇ ಒಳಗಿನ ಕಡತದಲ್ಲಿ ಬರೆದದ್ದು 2021ರಲ್ಲಿ ಹೊರಬಂತು. ಅಮೆರಿಕದ ಆಗಿನ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ಸರ್ಕಾರದ ಪರ ಮಾತಾಡುವ ಮುಖ್ಯ ವೈದ್ಯಾಧಿಕಾರಿ) ವಿವೇಕ್ ಮೂರ್ತಿ 2023ರ ಮೇ ತಿಂಗಳ ಸಲಹಾಪತ್ರದಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಬಳಸುವ ಹದಿಹರೆಯದವರಿಗೆ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂದು ಎಚ್ಚರಿಸಿದರು.

ಫೋನ್ ಕಸಿದುಕೊಂಡರೆ ಮಗು ಇನ್ನೊಂದು ಖಾತೆ ತೆರೆಯುತ್ತದೆ, ನಿಮಗೆ ಹೇಳುವುದನ್ನು ನಿಲ್ಲಿಸುತ್ತದೆ. ಅದರ ಬದಲು ಪಕ್ಕದಲ್ಲಿ ಕೂತು ಫಾಲೋ ಮಾಡುವ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ. ಪ್ರತಿ ಹೆಸರಿಗೆ ಒಂದೇ ಪ್ರಶ್ನೆ: ‘ಇವರದ್ದು ನೋಡಿದ ಮೇಲೆ ನಿನಗೆ ಹೇಗನಿಸುತ್ತೆ?’ ಕೈ ಬಿಡುವ ನಿರ್ಧಾರ ಮಗುವಿನದೇ ಇರಲಿ, ನೀವು ಬೆರಳು ತೋರಿಸಬೇಡಿ. ಒಂದೇ ಸಲಕ್ಕೆ ಮುಗಿಸಲು ಹೋಗದೆ ಇಪ್ಪತ್ತು ಹೆಸರಿಗೆ ನಿಲ್ಲಿಸಿ. ರಾತ್ರಿ ಚಾರ್ಜಿಂಗ್ ಮಲಗುವ ಕೋಣೆಯ ಹೊರಗೆ, ಮತ್ತು ದೊಡ್ಡವರ ಫೋನೂ ಅಲ್ಲೇ. ದೊಡ್ಡವರದು ದಿಂಬಿನ ಕೆಳಗಿದ್ದರೆ ಈ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ಇನ್ನೊಂದು ಮಾತು, ದೊಡ್ಡವರಿಗೂ ಸೇರಿ. ದಿನದ ಹೆಚ್ಚಿನ ಹೊತ್ತು ಬೇಸರ, ಮುಂಚೆ ಇಷ್ಟವಿದ್ದದ್ದರಲ್ಲಿ ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು ಏರುಪೇರಾಗುವುದು ಎರಡು ವಾರ ಮುಂದುವರಿದರೆ ಫೀಡ್ ತಿದ್ದುತ್ತಾ ಕೂರಬೇಡಿ, ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಹತ್ತಿರದವರಿಗೆ ತಿಳಿಸಿ ಅಂದೇ ಹೋಗಿ.

ನಡುಹಗಲು

ಕೆಲಸ ಹುಡುಕುತ್ತಿರುವವರು ಲಿಂಕ್ಡ್‌ಇನ್ ಬಿಡಲು ಆಗುವುದಿಲ್ಲ. ಅಲ್ಲಿನ ‘ಹೊಸ ಹುದ್ದೆಗೆ ಸೇರಲು ಸಂತೋಷವಾಗುತ್ತಿದೆ’ ಪೋಸ್ಟ್‌ಗಳೇ ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ. ಅದಕ್ಕೇನು ದಾರಿ?

ಮಸಿಕುಡಿಕೆ

ಮುಖಪುಟದಿಂದ ಒಳಗೆ ಹೋಗಬೇಡಿ. ಕಂಪ್ಯೂಟರಿನಲ್ಲಿ ಜಾಬ್ಸ್ ಪುಟವನ್ನೇ ಬುಕ್‌ಮಾರ್ಕ್ ಮಾಡಿ, ಬೆಳಿಗ್ಗೆ ಒಂದು ಗೊತ್ತಾದ ಹೊತ್ತಿಗೆ ಅಲ್ಲಿಂದ ತೆರೆದು ಅಲ್ಲೇ ಮುಚ್ಚಿ. ಹೊಸ ಹುದ್ದೆಗಳಿಗೆ ಇಮೇಲ್ ಅಲರ್ಟ್ ಹಾಕಿದರೆ ತೆರೆಯುವ ಅಗತ್ಯ ಇನ್ನೂ ಕಡಿಮೆ. ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕದವರ ಬಡ್ತಿ, ಕೆಲಸದ ವಾರ್ಷಿಕೋತ್ಸವ, ಹುಟ್ಟುಹಬ್ಬದ ಸೂಚನೆಗಳನ್ನು ಆಫ್ ಮಾಡಿ, ಮೆಸೇಜ್ ಮಾತ್ರ ಉಳಿಸಿ.

ಆದರೂ ಕಣ್ಣಿಗೆ ಬಿದ್ದ ಪೋಸ್ಟ್ ಒಂದಕ್ಕೆ ಹೀಗೆ ಮಾಡಿ: ಅವರು ಆ ಹುದ್ದೆಗೆ ಯಾವ ಕೌಶಲ, ಯಾವ ದಾರಿಯಿಂದ ಹೋದರು ಅಂತ ಪ್ರೊಫೈಲಿನಲ್ಲಿ ಎರಡು ನಿಮಿಷ ನೋಡಿ. ನೀವು ನಾಳೆಯೊಳಗೆ ಮಾಡಬಹುದಾದ ಒಂದು ಕೆಲಸ ಅದರಿಂದ ಹೊಳೆದರೆ ಕಾಗದಕ್ಕೆ ಬರೆದುಕೊಳ್ಳಿ, ಪರಿಚಯ ಇದ್ದರೆ ‘ಅಭಿನಂದನೆ, ಸಂದರ್ಶನಕ್ಕೆ ಹೇಗೆ ತಯಾರಿ ಮಾಡಿದಿರಿ?’ ಅಂತ ಒಂದು ಸಾಲು ಕಳಿಸಿ. ಏನೂ ಹೊಳೆಯದಿದ್ದರೆ ಆ ಖಾತೆಯನ್ನು ಅಲ್ಲೇ ಅನ್‌ಫಾಲೋ ಮಾಡಿ ಜಾಬ್ಸ್ ಪುಟಕ್ಕೆ ವಾಪಸ್ ಬನ್ನಿ. ಕೆಲಸ ಸಿಕ್ಕ ಮೇಲೆ ಬೇಕಾದರೆ ಮತ್ತೆ ಫಾಲೋ ಮಾಡಬಹುದು, ಸಂಪರ್ಕ ಹಾಗೇ ಇರುತ್ತದೆ.